ನೆಟ್ ಹೋದದ್ದು ಎಲ್ಲಿ: ಎಐ ಏಜೆಂಟ್ ಜತೆ ಮನೆಯ ನೆಟ್‌ವರ್ಕಿಗೊಂದು ಅಳತೆಗೋಲು

ಮುಂಬಯಿಯ ಹಳೆಯ ಸೊಸೈಟಿ ಕಟ್ಟಡಗಳಲ್ಲಿ ಇಂಟರ್ನೆಟ್ ಮನೆಗೆ ಬರುವ ದಾರಿಯನ್ನು ಕಣ್ಣಿನಿಂದಲೇ ನೋಡಬಹುದು. ರಸ್ತೆಯಿಂದ ಟೆರೇಸಿಗೆ ಫೈಬರ್ ಏರುತ್ತದೆ, ಅಲ್ಲಿ ತಗಡಿನ ಪೆಟ್ಟಿಗೆಯೊಂದರೊಳಗೆ ಸಂಪರ್ಕವನ್ನು ಮನೆಮನೆಗೆ ಹಂಚುವ ಸ್ವಿಚ್ ಇರುತ್ತದೆ, ಅದರಿಂದ ಹೊರಟ ಲ್ಯಾನ್ ಕೇಬಲ್‌ಗಳು ಹೊರಗೋಡೆಯ ಮೇಲೆ ಇಳಿದು, ಕಿಟಕಿಯ ಗ್ರಿಲ್ ಸಂದಿಯಲ್ಲಿ ನುಸುಳಿ, ಟಿವಿ ಕಪಾಟಿನ ಹಿಂದಿನ ರೂಟರ್‌ಗೆ ಸೇರುತ್ತವೆ. ಮುಲುಂಡಿನ ನಮ್ಮ ಕಟ್ಟಡದಲ್ಲಿಯೂ ಹೀಗೆಯೇ. ಮಳೆಗಾಲ ಹಿಡಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಅದರಲ್ಲಿಯೂ ರಾತ್ರಿ ಊಟದ ಹೊತ್ತಿಗೆ ತಪ್ಪದೆ, ನೆಟ್ ಹೋಗತೊಡಗಿತು. ದೂರು ಕೊಟ್ಟರೆ ಸಂಪರ್ಕ ಕೊಡುವವರ ಉತ್ತರ ಪ್ರತಿ ಸಲವೂ ಒಂದೇ: ನಮ್ಮ ಲೈನ್ ಸರಿಯಾಗಿದೆ, ನಿಮ್ಮ ವೈ-ಫೈ ಸರಿಯಿಲ್ಲ. ಆ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಆಧಾರವಿರಲಿಲ್ಲ, ಒಪ್ಪಿಕೊಳ್ಳಲೂ ಇರಲಿಲ್ಲ.

ಇಂತಹ ಆಧಾರವನ್ನು ತಾನೇ ಬರೆದಿಡುವ ಒಂದು ಸಣ್ಣ ಪ್ರೋಗ್ರಾಂ ಇದ್ದರೆ ಪ್ರಶ್ನೆ ಬಗೆಹರಿಯುತ್ತದೆ. ಕೆಲವು ವರ್ಷಗಳ ಹಿಂದಾಗಿದ್ದರೆ ಅದನ್ನು ಬರೆಯಲು ಪ್ರೋಗ್ರಾಮಿಂಗ್ ಬಲ್ಲವರೇ ಬೇಕಾಗುತ್ತಿತ್ತು. 2025ರಲ್ಲಿ ಆಂಥ್ರೊಪಿಕ್‌ನ ಕ್ಲಾಡ್ ಕೋಡ್, ಓಪನ್‌ಎಐನ ಕೋಡೆಕ್ಸ್, ಗೂಗಲ್‌ನ ಜೆಮಿನಿ ಸಿಎಲ್‌ಐ ಮುಂತಾದ ಕೋಡ್ ಬರೆಯುವ ಏಜೆಂಟ್‌ಗಳು ಸಾಮಾನ್ಯ ಬಳಕೆದಾರರ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಗೆ, ಬಂದ ಮೇಲೆ ಆ ಅಡ್ಡಿ ಬಹುಮಟ್ಟಿಗೆ ತೊಲಗಿದೆ. ಆದರೆ ಅದರ ಜಾಗದಲ್ಲಿ ಬೇರೊಂದು ಹೊಣೆ ನಮ್ಮ ಮೇಲೆ ಬಿದ್ದಿದೆ. ಏಜೆಂಟ್ ಕೋಡ್ ಬರೆದುಕೊಡುತ್ತದೆ, ಆ ಕೋಡ್ ಹೇಳುವುದು ನಿಜವೇ ಎಂಬುದನ್ನು ಮನೆಯಲ್ಲಿರುವವರೇ ಪರೀಕ್ಷಿಸಬೇಕು. ಈ ಎರಡನೆಯ ಕೆಲಸವನ್ನು ಹೇಗೆ ಮಾಡುವುದೆಂಬುದೇ ಈ ಲೇಖನದ ವಿಷಯ.

ಏಜೆಂಟ್ ಒಳಗೆ ನಡೆಯುವುದೇನು

ಪ್ರಶ್ನೆಗೆ ಉತ್ತರ ಬರೆದು ಸುಮ್ಮನಾಗುವ ಚಾಟ್‌ಬಾಟ್‌ಗೂ ಏಜೆಂಟ್‌ಗೂ ಇರುವ ವ್ಯತ್ಯಾಸ ಬುದ್ಧಿಯದ್ದಲ್ಲ, ಸೌಲಭ್ಯದ್ದು. ಎರಡರ ಒಳಗೂ ಇರುವುದು ಅದೇ ಬಗೆಯ ಭಾಷಾ ಮಾದರಿ, ಅಂದರೆ ಪಠ್ಯ ಓದಿ ಪಠ್ಯ ಬರೆಯುವ ಎಐ. ಏಜೆಂಟ್‌ಗೆ ಮಾತ್ರ ಫೈಲ್ ಓದುವ, ತಿದ್ದುವ ಮತ್ತು ಕಮಾಂಡ್ ಓಡಿಸುವ ಅವಕಾಶವಿರುತ್ತದೆ. ನಾವು ಕೆಲಸ ಹೇಳಿದಾಗ ಅದು ಒಂದು ಕಮಾಂಡನ್ನು ಸೂಚಿಸುತ್ತದೆ, ನಾವು ಒಪ್ಪಿದರೆ ಆ ಕಮಾಂಡ್ ನಮ್ಮ ಯಂತ್ರದಲ್ಲಿ ಓಡುತ್ತದೆ, ಬಂದ ಫಲಿತಾಂಶವನ್ನು ಓದಿಕೊಂಡು ಏಜೆಂಟ್ ಮುಂದಿನ ಹೆಜ್ಜೆ ನಿರ್ಧರಿಸುತ್ತದೆ. ಕೆಲಸ ಮುಗಿಯಿತೆಂದು ತನಗೆ ಅನ್ನಿಸುವವರೆಗೂ ಈ ಸುತ್ತು ನಡೆಯುತ್ತದೆ. ‘ತನಗೆ ಅನ್ನಿಸುವವರೆಗೂ’ ಎಂಬ ಮಾತನ್ನು ಗಮನಿಸಬೇಕು. ಕೋಡ್ ದೋಷವಿಲ್ಲದೆ ಓಡಿದರೆ ಏಜೆಂಟ್‌ಗೆ ಕೆಲಸ ಮುಗಿದಂತೆ ಕಾಣುತ್ತದೆ. ಆ ಕೋಡ್ ಅಳೆದದ್ದು ನಮಗೆ ಬೇಕಾದ ಸಂಗತಿಯನ್ನೇ ಹೌದೋ ಅಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ರೂಟರ್ ಇರುವ ಕಪಾಟನ್ನಾಗಲಿ ಟೆರೇಸಿನ ಪೆಟ್ಟಿಗೆಯನ್ನಾಗಲಿ ಅದು ನೋಡಿಲ್ಲ.

ಆದ್ದರಿಂದ ಕೋಡ್ ಕೇಳುವ ಮೊದಲು ಮನೆಯ ನೆಟ್‌ವರ್ಕನ್ನು ಸಾದಾ ಮಾತಿನಲ್ಲಿ ವಿವರಿಸುವ ಒಂದು ಪುಟವನ್ನು ಬರೆದು ಏಜೆಂಟ್ ಕೆಲಸ ಮಾಡುವ ಫೋಲ್ಡರ್‌ನಲ್ಲಿ ಇಡುವುದು ಒಳ್ಳೆಯದು. ಬಹುತೇಕ ಏಜೆಂಟ್‌ಗಳು ಕೆಲಸ ಆರಂಭಿಸುವಾಗ ಇಂತಹ ಸೂಚನೆಯ ಫೈಲನ್ನು ತಾವಾಗಿ ಓದಿಕೊಳ್ಳುತ್ತವೆ. ರೂಟರ್ ಎಲ್ಲಿದೆ, ಯಾವ ಸಾಧನ ಕೇಬಲ್‌ನಲ್ಲಿದೆ, ಯಾವುದು ವೈ-ಫೈಯಲ್ಲಿದೆ, ಉತ್ತರ ಬೇಕಾದ ಪ್ರಶ್ನೆ ಯಾವುದು, ಮುಟ್ಟಬಾರದ್ದು ಯಾವುದು ಎಂಬಷ್ಟನ್ನು ಕನ್ನಡದಲ್ಲಿ ಬರೆದರೂ ಏಜೆಂಟ್‌ಗೆ ಅರ್ಥವಾಗುತ್ತದೆ. ಈ ಪುಟವನ್ನು ಬರೆಯಲು ಕೂತಾಗಲೇ ನಮ್ಮ ಮನೆಯ ಜೋಡಣೆಯಲ್ಲಿ ನಮಗೆ ತಿಳಿಯದೆ ಇರುವುದು ಎಷ್ಟಿದೆ ಎಂಬುದು ನನಗೆ ಗೊತ್ತಾಯಿತು.

ಮೂರು ಮಜಲು, ಒಂದು ಹೆಸರಿನ ಪುಸ್ತಕ

‘ನೆಟ್ ಹೋಯಿತು’ ಎನ್ನುವುದು ಒಂದು ದೂರಲ್ಲ, ಕನಿಷ್ಠ ನಾಲ್ಕು ಬೇರೆ ಬೇರೆ ದೂರುಗಳ ಸಾಮಾನ್ಯ ಹೆಸರು. ಮೊದಲ ಮಜಲು ನಮ್ಮ ಯಂತ್ರದಿಂದ ರೂಟರ್‌ವರೆಗಿನದು. ಇದು ಪೂರ್ತಿಯಾಗಿ ಮನೆಯೊಳಗಿನ ವ್ಯವಹಾರ. ಎರಡನೆಯದು ರೂಟರ್‌ನಿಂದ ಸಂಪರ್ಕ ಕೊಡುವ ಕಂಪನಿಯ ಮೊದಲ ಯಂತ್ರದವರೆಗಿನದು, ಅಂದರೆ ಹೊರಗೋಡೆಯ ಕೇಬಲ್, ಟೆರೇಸಿನ ಸ್ವಿಚ್, ರಸ್ತೆಯ ಫೈಬರ್. ಮೂರನೆಯದು ಅಲ್ಲಿಂದಾಚೆಗಿನ ಹೊರಜಗತ್ತು. ಇವುಗಳ ಜತೆಗೆ ಡಿಎನ್‌ಎಸ್ ಇದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆ ಜಾಲತಾಣದ ಹೆಸರನ್ನು ಅಂಕೆಯ ವಿಳಾಸವಾಗಿ ಬದಲಾಯಿಸಿಕೊಡುತ್ತದೆ. ಮೂರೂ ಮಜಲುಗಳು ಸುಸ್ಥಿತಿಯಲ್ಲಿದ್ದು ಡಿಎನ್‌ಎಸ್ ಒಂದೇ ಕೈಕೊಟ್ಟರೂ ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುವುದಿಲ್ಲ, ಮನೆಮಂದಿಗೆ ಅದು ನೆಟ್ ಹೋದಂತೆಯೇ ಕಾಣುತ್ತದೆ.

ಮಜಲುಗಳನ್ನು ಅಳೆಯಲು ಹೊಸ ವಿದ್ಯೆಯೇನೂ ಬೇಕಾಗಿಲ್ಲ. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ಬಹುತೇಕ ಎಲ್ಲ ಕಂಪ್ಯೂಟರ್‌ಗಳಲ್ಲಿದೆ. ಅದು ಒಂದು ವಿಳಾಸಕ್ಕೆ ಸಣ್ಣ ಪೊಟ್ಟಣವನ್ನು ಕಳಿಸಿ, ಉತ್ತರ ಮರಳಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಹೇಳುತ್ತದೆ. ರೂಟರ್‌ನ ವಿಳಾಸ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಮನೆ ಕಚೇರಿಗಳ ಒಳಬಳಕೆಗೆಂದು 1994ರಲ್ಲಿ ಮೀಸಲಿಟ್ಟ ಮೂರು ವಿಳಾಸ ಸಮೂಹಗಳಲ್ಲಿ ಇದೊಂದು. ಕಂಪನಿಯ ಮೊದಲ ಯಂತ್ರದ ವಿಳಾಸವನ್ನು ಟ್ರೇಸ್‌ರೂಟ್ ಎಂಬ ಇನ್ನೊಂದು ಪ್ರೋಗ್ರಾಂ ತೋರಿಸಿಕೊಡುತ್ತದೆ. ಪ್ರತಿ ಪೊಟ್ಟಣದಲ್ಲಿಯೂ ಒಂದು ಅಂಕೆ ಇರುತ್ತದೆ, ದಾರಿಯ ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ, ಸೊನ್ನೆಯಾದಾಗ ಪೊಟ್ಟಣವನ್ನು ಮುಂದಕ್ಕೆ ಸಾಗಿಸದೆ, ಅದನ್ನು ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಅಂಕೆಯನ್ನು 1, 2, 3 ಎಂದು ಏರಿಸುತ್ತಾ ಹೋದರೆ ದಾರಿಯ ರೂಟರ್‌ಗಳು ಒಂದೊಂದಾಗಿ ತಮ್ಮ ಗುರುತು ಹೇಳುತ್ತವೆ. ಮೂರನೆಯ ಮಜಲಿಗೆ 1.1.1.1 ಅಥವಾ 8.8.8.8ರಂತಹ ಸಾರ್ವಜನಿಕ ವಿಳಾಸ ಸಾಕು.

ನಾನು ಏಜೆಂಟ್‌ಗೆ ಹೇಳಿದ್ದು ಇಷ್ಟು: ಹತ್ತು ಸೆಕೆಂಡಿಗೊಮ್ಮೆ ಈ ಮೂರು ವಿಳಾಸಗಳನ್ನು ಪಿಂಗ್ ಮಾಡಬೇಕು, ಒಂದು ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕಬೇಕು, ನಾಲ್ಕೂ ಫಲಿತಾಂಶಗಳನ್ನು ಸಮಯದೊಂದಿಗೆ ದಾಖಲಿಸಬೇಕು, ಪೈಥಾನ್ ಭಾಷೆಯ ಜತೆಗೇ ಬರುವ ಸೌಲಭ್ಯಗಳನ್ನು ಬಿಟ್ಟು ಹೊರಗಿನ ಯಾವ ಲೈಬ್ರರಿಯನ್ನೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸೇರಿಸಬಾರದು. ದಾಖಲೆಗೆ ಎಸ್‌ಕ್ಯುಲೈಟ್ ಎಂಬ, ಒಂದೇ ಫೈಲ್‌ನಲ್ಲಿ ಮುಗಿಯುವ ಡೇಟಾಬೇಸ್ ಸಾಕು. ದಿನಕ್ಕೆ 8,640 ಸುತ್ತು, ಸುತ್ತಿಗೆ ನಾಲ್ಕರಂತೆ 34,560 ಸಾಲು, ತಿಂಗಳಿಗೆ ಹತ್ತು ಲಕ್ಷಕ್ಕೆ ತುಸು ಹೆಚ್ಚು. ಎಸ್‌ಕ್ಯುಲೈಟ್‌ಗೆ ಇದು ಭಾರವಲ್ಲ. ರಾಸ್ಪ್‌ಬೆರಿ ಪೈಯಂತಹ ಪುಟ್ಟ ಕಂಪ್ಯೂಟರ್‌ನಲ್ಲಿ ಓಡಿಸುವವರು ಪ್ರತಿ ಸಾಲನ್ನೂ ಆಗಿಂದಾಗಲೇ ಬರೆಯದೆ ನಿಮಿಷಕ್ಕೊಮ್ಮೆ ಒಟ್ಟಿಗೆ ಬರೆಯಿಸಿದರೆ ಮೆಮರಿ ಕಾರ್ಡ್ ಹೆಚ್ಚು ಕಾಲ ಬಾಳುತ್ತದೆ.

ಇಪ್ಪತ್ತು ನಿಮಿಷದೊಳಗೆ ಪ್ರೋಗ್ರಾಂ ಸಿದ್ಧವಾಯಿತು, ಚೆಂದದ ನಕ್ಷೆಯೊಂದೂ (ಗ್ರಾಫ್) ಪರದೆಯ ಮೇಲೆ ಮೂಡಿತು. ಅದರ ಅಂಕೆಗಳು ತಪ್ಪಾಗಿದ್ದವು.

ತಪ್ಪು ಇದ್ದದ್ದು ಎಲ್ಲಿ

ಉತ್ತರ ಬಾರದ ಪಿಂಗ್‌ನ ಜಾಗದಲ್ಲಿ ಏಜೆಂಟ್ ಸೊನ್ನೆ ಬರೆಸಿತ್ತು. ಕೇಳಲು ಇದು ಸಣ್ಣ ವಿಷಯ. ಆದರೆ ಹತ್ತು ಪಿಂಗ್‌ಗಳಲ್ಲಿ ಆರಕ್ಕೆ 20 ಮಿಲಿಸೆಕೆಂಡಿನಲ್ಲಿ ಉತ್ತರ ಬಂದು ನಾಲ್ಕು ಕಳೆದುಹೋದವು ಎಂದುಕೊಳ್ಳಿ. ಸೊನ್ನೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ 12 ಬರುತ್ತದೆ. ಎಲ್ಲ ಹತ್ತಕ್ಕೂ ಉತ್ತರ ಬಂದ ಒಳ್ಳೆಯ ದಿನದ ಸರಾಸರಿ 20. ಅಂದರೆ ನೆಟ್ ಹೆಚ್ಚು ಕಡಿದಷ್ಟೂ ನಕ್ಷೆಯಲ್ಲಿ ಅದು ಹೆಚ್ಚು ಚುರುಕಾಗಿ ಕಾಣುತ್ತಿತ್ತು. ಕಳೆದುಹೋದದ್ದನ್ನು ಖಾಲಿಯಾಗಿಯೇ ಇಡಬೇಕು, ಎಷ್ಟು ಕಳೆದವು ಎಂಬುದನ್ನು ಬೇರೆಯಾಗಿ ಎಣಿಸಬೇಕು, ಸರಾಸರಿಗಿಂತ ಆ ಎಣಿಕೆಯೇ ಮುಖ್ಯ ಎಂದು ಹೇಳಿದ ಮೇಲೆ ಏಜೆಂಟ್ ಒಂದೇ ನಿಮಿಷದಲ್ಲಿ ಸರಿಪಡಿಸಿತು. ಹೇಳದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

ಎರಡನೆಯ ತಪ್ಪು ಗಡಿಯಾರದ್ದು. ಪ್ರೋಗ್ರಾಂ ಸಮಯವನ್ನು ಜಾಗತಿಕ ಕಾಲಮಾನದಲ್ಲಿ ದಾಖಲಿಸುತ್ತಿತ್ತು. ದಾಖಲೆಗೆ ಅದು ಸರಿಯಾದ ಪದ್ಧತಿಯೇ, ಆದರೆ ತೋರಿಸುವಾಗ ಐದೂವರೆ ಗಂಟೆ ಸೇರಿಸಿ ಭಾರತೀಯ ಕಾಲಮಾನಕ್ಕೆ ತರುವುದನ್ನು ಅದು ಬಿಟ್ಟಿತ್ತು. ಹೀಗಾಗಿ ರಾತ್ರಿ ಎಂಟರ ಕಡಿತ ಮಧ್ಯಾಹ್ನ ಎರಡೂವರೆಯದೆಂದು ಕಾಣುತ್ತಿತ್ತು. ಮಧ್ಯಾಹ್ನ ಎರಡೂವರೆಗೆ ಮನೆಯಲ್ಲಿ ಏನು ನಡೆಯುತ್ತದೆಂದು ಹುಡುಕುತ್ತಾ ಎರಡು ದಿನ ಕಳೆದವು.

ಮೂರನೆಯದು ಡಿಎನ್‌ಎಸ್‌ನದು. ಒಂದೇ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ರೂಟರ್ ಅಥವಾ ಕಂಪ್ಯೂಟರ್ ತನ್ನ ನೆನಪಿನಿಂದಲೇ ಉತ್ತರ ಕೊಟ್ಟುಬಿಡುತ್ತದೆ, ಹೊರಗಿನ ಸರ್ವರ್‌ವರೆಗೆ ಪ್ರಶ್ನೆ ಹೋಗುವುದೇ ಇಲ್ಲ. ಪ್ರತಿ ಸಲ ಬೇರೆ ಬೇರೆ ಹೆಸರನ್ನು ಕೇಳುವಂತೆ ತಿದ್ದಿದ ಮೇಲೆಯೇ ಈ ಅಳತೆಗೆ ಅರ್ಥ ಬಂದದ್ದು.

ಈ ತಪ್ಪುಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ: ಪ್ರೋಗ್ರಾಂ ನಿಲ್ಲಲಿಲ್ಲ, ದೋಷದ ಸಂದೇಶ ತೋರಿಸಲಿಲ್ಲ. ಇನ್ನೂ ಹೇಳಬೇಕೆಂದರೆ, ಏಜೆಂಟ್ ತಾನೇ ಬರೆದುಕೊಂಡ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿದ್ದವು, ಏಕೆಂದರೆ ಆ ಪರೀಕ್ಷೆಗಳಲ್ಲಿ ಪಿಂಗ್ ನಿಜವಾಗಿ ಓಡುತ್ತಲೇ ಇರಲಿಲ್ಲ, ಅದರ ಜಾಗದಲ್ಲಿ ಮೊದಲೇ ಬರೆದಿಟ್ಟ ಉತ್ತರವಿತ್ತು. ತಾನೇ ಪ್ರಶ್ನೆಪತ್ರಿಕೆ ತಯಾರಿಸಿ ತಾನೇ ಉತ್ತರ ಬರೆದಂತೆ ಅದು.

ನಂಬಬಹುದಾದ ಪರೀಕ್ಷೆ ಕೀಬೋರ್ಡಿನಲ್ಲಿಲ್ಲ, ಕೇಬಲ್‌ನಲ್ಲಿದೆ. ರೂಟರ್‌ಗೆ ಹೊರಗಿನಿಂದ ಬರುವ ಕೇಬಲನ್ನು ಗಡಿಯಾರ ನೋಡಿಕೊಂಡು ಎರಡು ನಿಮಿಷ ಕಿತ್ತಿಡಿ. ದಾಖಲೆಯಲ್ಲಿ ಆ ಎರಡು ನಿಮಿಷ ಮೊದಲ ಮಜಲು ಸರಿಯಾಗಿದ್ದು ಉಳಿದ ಮೂರು ಬಿದ್ದಿರಬೇಕು. ರೂಟರ್‌ನ ಸ್ವಿಚ್ ಆರಿಸಿದರೆ ನಾಲ್ಕೂ ಬಿದ್ದಿರಬೇಕು. ಯಂತ್ರದ ಡಿಎನ್‌ಎಸ್ ವಿಳಾಸವನ್ನು ಬೇಕೆಂದೇ ತಪ್ಪಾಗಿ ಕೊಟ್ಟರೆ ಮೂರು ಮಜಲುಗಳು ಸರಿಯಿದ್ದು ಹೆಸರಿನ ಹುಡುಕಾಟ ಮಾತ್ರ ಬಿದ್ದಿರಬೇಕು. ಹೀಗೆ ನಾವೇ ಮಾಡಿದ ಕೇಡನ್ನು ಸರಿಯಾದ ಹೆಸರಿನಿಂದ, ಸರಿಯಾದ ಸಮಯಕ್ಕೆ ಗುರುತಿಸದ ಪ್ರೋಗ್ರಾಂ ತಾನಾಗಿ ಬಂದ ಕೇಡನ್ನು ಗುರುತಿಸೀತೆಂದು ನಂಬಲು ಕಾರಣವಿಲ್ಲ. ಸೊನ್ನೆಯ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಕೋಡ್ ಓದಿದ್ದರಿಂದಲ್ಲ, ಕೇಬಲ್ ಕಿತ್ತಾಗ ನಕ್ಷೆಯ ಗೆರೆ ಕೆಳಗಿಳಿದು ‘ಉತ್ತಮ’ ಎಂಬ ಹಸಿರು ಪಟ್ಟಿಯೊಳಗೆ ನಿಂತದ್ದರಿಂದ.

ಒಂದು ಎಚ್ಚರಿಕೆ. ಕೆಲವು ರೂಟರ್‌ಗಳು ಪಿಂಗ್‌ಗೆ ಉತ್ತರಿಸುವುದನ್ನು ಕೊನೆಯ ಆದ್ಯತೆಯ ಕೆಲಸವೆಂದು ಪರಿಗಣಿಸುತ್ತವೆ, ಕೆಲವು ಉತ್ತರಿಸುವುದೇ ಇಲ್ಲ. ಒಂದೆರಡು ಪಿಂಗ್ ತಪ್ಪಿದ್ದನ್ನು ಕಡಿತವೆನ್ನಬಾರದು, ಎರಡನೆಯ ಮಜಲು ಬಿದ್ದಂತೆ ಕಂಡು ಮೂರನೆಯದು ಸರಿಯಿದ್ದರೆ ಅದನ್ನು ದೂರಾಗಿ ಒಯ್ಯಲೂಬಾರದು. ನಾನು ಸತತ ಮೂರು ಸುತ್ತು ತಪ್ಪಿದ್ದನ್ನು ಮಾತ್ರ ಕಡಿತವೆಂದು ಎಣಿಸಿದೆ.

ಎಷ್ಟು ಅಧಿಕಾರ ಕೊಡಬೇಕು

ಮನೆಯ ನೆಟ್‌ವರ್ಕಿನಲ್ಲಿ ಕೆಲಸ ಮಾಡುವ ಏಜೆಂಟ್ ತಡೆ ಎದುರಾದಾಗಲೆಲ್ಲ ಹೆಚ್ಚಿನ ಅಧಿಕಾರ ಕೇಳುವ ಕಡೆಗೆ ವಾಲುತ್ತದೆ. ಪೈಥಾನ್‌ನಿಂದ ನೇರವಾಗಿ ಪಿಂಗ್ ಪೊಟ್ಟಣ ಕಳಿಸಲು ಲಿನಕ್ಸ್ ಬಿಡದಿದ್ದಾಗ ಇಡೀ ಪ್ರೋಗ್ರಾಂ ಅನ್ನು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದಲ್ಲಿ ಏನನ್ನು ಬೇಕಾದರೂ ಮಾಡಬಲ್ಲ ಅಧಿಕಾರದಲ್ಲಿ, ಓಡಿಸಲು ಅದು ಅನುಮತಿ ಕೇಳಿತು. ಬೇಕಿರಲಿಲ್ಲ. ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ಪಿಂಗ್ ಕಮಾಂಡನ್ನು ಕರೆದರೆ ಸಾಮಾನ್ಯ ಬಳಕೆದಾರರ ಅಧಿಕಾರದಲ್ಲಿಯೇ ಕೆಲಸ ಆಗುತ್ತದೆ. ನಕ್ಷೆಯನ್ನು ಕಚೇರಿಯಿಂದಲೂ ನೋಡಬೇಕೆಂದಾಗ ರೂಟರ್‌ನಲ್ಲಿ ಪೋರ್ಟ್ ತೆರೆಯಲು ಸೂಚಿಸಿತು. ಹಾಗೆ ಮಾಡುವುದೆಂದರೆ ಮನೆಯ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಡುವುದು. ಅದೂ ಅಲ್ಲದೆ, ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಅದು ಕೆಲಸವನ್ನೂ ಮಾಡುವುದಿಲ್ಲ. ರೂಟರ್‌ನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಮನೆಯೂ ಆ ಹಂಚಿಕೆಯಲ್ಲಿದೆ ಎಂದು ತಿಳಿಯಬೇಕು.

ರೂಟರ್‌ನ ಪಾಸ್‌ವರ್ಡನ್ನು ಏಜೆಂಟ್‌ಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಳೆಯುವ ಸಾಧನಕ್ಕೆ ಅದರ ಅಗತ್ಯವಿಲ್ಲ. ಏಜೆಂಟ್ ಓದುವ ಪ್ರತಿಯೊಂದು ಅಕ್ಷರವೂ ಸಾಮಾನ್ಯವಾಗಿ ಅದರ ಕಂಪನಿಯ ಸರ್ವರ್‌ಗೆ ಹೋಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ವೈ-ಫೈ ಹೆಸರು, ಸಾಧನಗಳ ಗುರುತಿನ ಸಂಖ್ಯೆ ಮುಂತಾದವನ್ನು ಸುಳ್ಳು ಹೆಸರುಗಳಿಂದ ಬದಲಾಯಿಸಿ ತೋರಿಸುವುದು ಮೇಲು. ಪ್ರತ್ಯೇಕ ಬಳಕೆದಾರ ಖಾತೆ, ಒಂದೇ ಫೋಲ್ಡರ್, ಪ್ರತಿ ಬದಲಾವಣೆಯನ್ನೂ ಹಿಂದಕ್ಕೆ ತರಬಲ್ಲ ಗಿಟ್ ದಾಖಲೆ ಇದ್ದರೆ ಆಗುವ ಹಾನಿಗೆ ಒಂದು ಮಿತಿ ಇರುತ್ತದೆ.

ನೆಟ್‌ವರ್ಕ್ ಕೆಲಸಕ್ಕೇ ವಿಶೇಷವಾದ ಇನ್ನೊಂದು ಅಪಾಯವಿದೆ. ಓದಿದ ಪಠ್ಯದಲ್ಲಿ ಆಜ್ಞೆಯಂತೆ ಕಾಣುವ ಮಾತಿದ್ದರೆ ಏಜೆಂಟ್ ಅದನ್ನು ಯಜಮಾನನ ಮಾತೆಂದೇ ಪಾಲಿಸಬಹುದು. 2022ರಲ್ಲಿ ಪ್ರೋಗ್ರಾಮರ್ ಸೈಮನ್ ವಿಲಿಸನ್ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂದು ಹೆಸರಿಟ್ಟರು. ಪಕ್ಕದ ಮನೆಯ ವೈ-ಫೈ ಹೆಸರು, ಅತಿಥಿಯೊಬ್ಬರ ಫೋನಿನ ಹೆಸರು, ಇವೆಲ್ಲ ಬೇರೆಯವರು ಬರೆದ ಪಠ್ಯಗಳೇ. ಸುತ್ತಲಿನ ವೈ-ಫೈಗಳ ಪಟ್ಟಿಯನ್ನು ಏಜೆಂಟ್‌ಗೆ ಓದಿಸುವಾಗ ಕಮಾಂಡ್‌ಗಳನ್ನು ಕೇಳದೆಯೇ ಓಡಿಸುವ ಸ್ವಾತಂತ್ರ್ಯವನ್ನು ಅದಕ್ಕೆ ಕೊಟ್ಟಿರಬಾರದು.

ಶೆಟ್ರ ಕ್ಯಾಮರಾ

ಮೂರನೆಯ ಮಹಡಿಯ ಶೆಟ್ರು ಮಾಟುಂಗದಲ್ಲಿ ಹೋಟೆಲು ನಡೆಸುತ್ತಾರೆ. ನನ್ನ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಮಾರಾಯ್ರೇ, ನಮ್ಮ ಹೋಟೆಲಿನ ಕ್ಯಾಮರಾ ರಾತ್ರಿ ಇಡೀ ಯಾರತ್ರ ಮಾತಾಡ್ತದೆ ಅಂತ ಇದರಲ್ಲಿ ಗೊತ್ತಾಗ್ತದಾ?” ಎಂದು ಕೇಳಿದರು. ಪ್ರಶ್ನೆ ತೂಕದ್ದು. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ಪ್ರೋಗ್ರಾಂ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮರಾ ಮತ್ತು ರೂಟರ್‌ಗಳಿಗೆ ನುಗ್ಗಿ ದೊಡ್ಡ ಜಾಲತಾಣಗಳನ್ನೇ ಅಲುಗಿಸಿತ್ತು.

ಇದಕ್ಕೆ ಬೇಕಾದದ್ದು ಬೇರೆಯೇ ಸಾಧನ. ಯಾವ ಸಾಧನಗಳು ನೆಟ್‌ವರ್ಕಿನಲ್ಲಿವೆ ಎಂಬ ಪಟ್ಟಿಯನ್ನು ಏಜೆಂಟ್ ಸುಲಭವಾಗಿ ಮಾಡಿಕೊಡುತ್ತದೆ. ಸಾಧನದ ಗುರುತಿನ ಸಂಖ್ಯೆಯಾದ 48 ಬಿಟ್‌ಗಳ ಮ್ಯಾಕ್ ವಿಳಾಸದಲ್ಲಿ ಮೊದಲ 24 ಬಿಟ್‌ಗಳು ತಯಾರಕರನ್ನು ಸೂಚಿಸುತ್ತವೆ. ಆದರೆ ಈಚಿನ ಫೋನ್‌ಗಳು ಖಾಸಗಿತನಕ್ಕಾಗಿ ಪ್ರತಿ ವೈ-ಫೈಗೂ ಬೇರೆ ಮ್ಯಾಕ್ ವಿಳಾಸವನ್ನು ತಾವೇ ಸೃಷ್ಟಿಸಿಕೊಳ್ಳುತ್ತವೆ. ಅಂಕೆ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಈ ವಿಳಾಸದಲ್ಲಿ ಎರಡನೆಯದು 2, 6, A ಅಥವಾ E ಆಗಿದ್ದರೆ ಅದು ಸಾಧನ ತಾನೇ ಇಟ್ಟುಕೊಂಡ ವಿಳಾಸ. ಇದನ್ನು ತಿಳಿಸದಿದ್ದರೆ ಪ್ರೋಗ್ರಾಂ ಮನೆಯವರ ಫೋನನ್ನೇ ಅಪರಿಚಿತ ಸಾಧನವೆಂದು ಸಾರುತ್ತದೆ. ಕ್ಯಾಮರಾ ಕೇಳುವ ಹೆಸರುಗಳನ್ನು ನೋಡಲು ಹೋಟೆಲಿನಲ್ಲಿಯೇ ಒಂದು ಡಿಎನ್‌ಎಸ್ ಸರ್ವರ್ ಇಟ್ಟು ಅದರ ದಾಖಲೆ ಓದಬೇಕು. ಪೈ-ಹೋಲ್‌ನಂತಹ ಸಿದ್ಧ ಸಾಫ್ಟ್‌ವೇರ್ ಇರುವಾಗ ಇದನ್ನು ಹೊಸದಾಗಿ ಬರೆಸುವುದು ವ್ಯರ್ಥ, ಆ ದಾಖಲೆಯನ್ನು ಸಾಧನಕ್ಕೊಂದರಂತೆ ವಿಂಗಡಿಸಿ ತೋರಿಸುವ ಪುಟವನ್ನಷ್ಟೇ ಏಜೆಂಟ್‌ನಿಂದ ಬರೆಸಿದರೆ ಸಾಕು. ಆ ಸರ್ವರನ್ನು ಬಳಸದೆ ನೇರವಾಗಿ ಹೊರಗೆ ಹೋಗುವ ಸಾಧನಗಳೂ ಇರುವುದರಿಂದ, ದಾಖಲೆಯಲ್ಲಿ ಏನೂ ಇಲ್ಲವೆಂದರೆ ಮಾತುಕತೆಯೇ ನಡೆದಿಲ್ಲ ಎಂದು ಅರ್ಥವಲ್ಲ. ಈ ಹುಡುಕಾಟವೆಲ್ಲ ಸ್ವಂತ ನೆಟ್‌ವರ್ಕಿನ ಒಳಗೇ ಇರಬೇಕು. ಅನುಮತಿಯಿಲ್ಲದೆ ಬೇರೆಯವರ ನೆಟ್‌ವರ್ಕನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಸೆಕ್ಷನ್ ಅಡಿ ಬರುತ್ತದೆ.

ದಾಖಲೆ ಹೇಳಿದ್ದು

ನಮ್ಮ ಮನೆಯ ವಿಷಯಕ್ಕೆ ಮರಳುತ್ತೇನೆ. ಮೊದಲ ವಾರ ಅಳೆಯುವ ಯಂತ್ರವನ್ನು ವೈ-ಫೈಯಲ್ಲಿ, ಅಡುಗೆಮನೆಯ ಆಚೆಗಿನ ಕೋಣೆಯಲ್ಲಿ ಇಟ್ಟಿದ್ದೆ. ಆಗ ಪ್ರತಿ ಕಡಿತವೂ ಮೊದಲ ಮಜಲಿನಲ್ಲಿಯೇ ಬಿದ್ದಂತೆ ಕಾಣುತ್ತಿತ್ತು, ಅಂದರೆ ಕಂಪನಿಯ ಮಾತೇ ನಿಜವೆನ್ನುವಂತಿತ್ತು. ಎರಡನೆಯ ವಾರ ಇನ್ನೊಂದು ಯಂತ್ರವನ್ನು ಕೇಬಲ್ ಮೂಲಕ ರೂಟರ್‌ಗೆ ಸೇರಿಸಿ ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟಾಗ ಕಡಿತಗಳು ಎರಡು ಜಾತಿಯವೆಂದು ಸ್ಪಷ್ಟವಾಯಿತು. ರಾತ್ರಿ ಎಂಟರ ಆಸುಪಾಸಿನವು ವೈ-ಫೈ ಯಂತ್ರದಲ್ಲಿ ಮಾತ್ರ, ಎರಡು ಮೂರು ನಿಮಿಷ ಮಾತ್ರ ಇರುತ್ತಿದ್ದವು. ಊಟ ಬಿಸಿ ಮಾಡುವ ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ, ನಮ್ಮ ವೈ-ಫೈ ಇದ್ದದ್ದೂ ಅಲ್ಲಿಯೇ, ಓವನ್ ಇದ್ದದ್ದು ರೂಟರ್ ಮತ್ತು ಅಳೆಯುವ ಯಂತ್ರದ ನಡುವೆ. ಉಳಿದ ಕಡಿತಗಳು ಜೋರು ಮಳೆಯ ಹೊತ್ತಿನವು, ಎರಡೂ ಯಂತ್ರಗಳಲ್ಲಿ ಒಟ್ಟಿಗೆ ಬರುತ್ತಿದ್ದವು, ಅವುಗಳಲ್ಲಿ ಕೇಬಲ್ ಯಂತ್ರದ ಮೊದಲ ಮಜಲು ಸರಿಯಿದ್ದು ಎರಡನೆಯದು ಬಿದ್ದಿರುತ್ತಿತ್ತು.

ಈ ದಾಖಲೆಯನ್ನು ಫೋನಿನಲ್ಲಿ ತೋರಿಸಿದ ಮೇಲೆ, ಬಂದಿದ್ದ ಟೆಕ್ನೀಶಿಯನ್ ಹುಡುಗ ವಾದಿಸದೆ ನೇರವಾಗಿ ಟೆರೇಸಿಗೆ ಹೋದ. ನಾನೂ ಛತ್ರಿ ಹಿಡಿದು ಹಿಂದೆಯೇ ಹೋದೆ. ತಗಡಿನ ಪೆಟ್ಟಿಗೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ನಮ್ಮ ಮನೆಯ ಕೇಬಲ್‌ನ ತುದಿಯ ಕನೆಕ್ಟರ್‌ನ ಪಿನ್‌ಗಳು ಹಸಿರು ಕಿಲುಬು ಹಿಡಿದು ತೇವವಾಗಿದ್ದವು. ಅವನು ಕೇಬಲನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದ, ನೀರು ಇಳಿದು ಬರದಂತೆ ಪೆಟ್ಟಿಗೆಯ ಕೆಳಗೆ ಕೇಬಲನ್ನು ಒಂದು ಸುತ್ತು ಬಾಗಿಸಿ ಕಟ್ಟಿದ. ಮನೆಗೆ ಬಂದು ನಾನು ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್ ವೈ-ಫೈಗೆ ಬದಲಾಯಿಸಿ, ರೂಟರನ್ನು ಟಿವಿ ಕಪಾಟಿನ ಹಿಂದಿನಿಂದ ತೆಗೆದು ಹಜಾರದ ಗೋಡೆಗೆ ಏರಿಸಿದೆ. ಪ್ರೋಗ್ರಾಂ ಇನ್ನೂ ಓಡುತ್ತಿದೆ. ಅಂದಿನಿಂದ ಮೂರು ಸಲ ಜೋರು ಮಳೆ ಬಂದಿದೆ, ಎರಡನೆಯ ಮಜಲಿನ ಸಾಲಿನಲ್ಲಿ ಖಾಲಿ ಜಾಗ ಕಂಡಿಲ್ಲ.